ಗ್ರಂಥಪಾಲಕರಿಗೆ ತರಬೇತಿ ಏಕೆ? ಒಂದೂವರೆ ಶತಮಾನದ ಪ್ರಶ್ನೆ

ಪುಸ್ತಕ ಕೊಟ್ಟು, ತಿರುಗಿ ಪಡೆದು, ಮುದ್ರೆ ಒತ್ತುವ ಕೆಲಸಕ್ಕೆ ಪದವಿ ಯಾಕೆ? ಗ್ರಂಥಪಾಲಕರು ಈ ಮಾತನ್ನು ಕೇಳುತ್ತಲೇ ಬಂದಿದ್ದಾರೆ. ಕೇಳುವವರ ಕಣ್ಣಿಗೆ ಬೀಳುವುದು ಮೇಜಿನ ಮೇಲೆ ನಡೆಯುವ ಕೆಲಸ ಮಾತ್ರ.

ಪುಸ್ತಕ ದುಬಾರಿ ವಸ್ತುವಾಗಿದ್ದ ಕಾಲದಲ್ಲಿ ಅದನ್ನು ಕಾಯುವುದೇ ಮುಖ್ಯ ಹೊಣೆಯಾಗಿತ್ತು. ಮಧ್ಯಯುಗದ ಯುರೋಪಿನ ಎಷ್ಟೋ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಟ್ಟಿಡುತ್ತಿದ್ದರು. ಯಾವ ಪುಸ್ತಕ ಎಲ್ಲಿದೆ ಎಂಬುದು ಬಹುಮಟ್ಟಿಗೆ ಪಾಲಕನ ನೆನಪಿನಲ್ಲಿರುತ್ತಿತ್ತು. ಅವನು ಹೋದರೆ ಆ ತಿಳಿವಳಿಕೆಯೂ ಹೋಗುತ್ತಿತ್ತು. ಜರ್ಮನಿಯ ಗ್ರಂಥಪಾಲಕ ಮಾರ್ಟಿನ್ ಶ್ರೆಟಿಂಗರ್ ತಡೆಯಲು ಹೊರಟದ್ದು ಇದನ್ನೇ. ಪುಸ್ತಕ ಹುಡುಕುವುದು ವ್ಯಕ್ತಿಯ ನೆನಪನ್ನು ನೆಚ್ಚಿಕೊಳ್ಳಬಾರದು, ಅದಕ್ಕೊಂದು ವ್ಯವಸ್ಥೆ ಇರಬೇಕು ಎಂದು ವಾದಿಸಿದ ಅವರು 1808ರಲ್ಲಿ ಅದನ್ನು ‘ಗ್ರಂಥಾಲಯ ವಿಜ್ಞಾನ’ ಎಂದು ಕರೆದರು.

ದೊಡ್ಡ ತಿರುವು ಬಂದದ್ದು 1876ರಲ್ಲಿ. ಆ ವರ್ಷ ಅಮೆರಿಕದ ಗ್ರಂಥಾಲಯ ಸಂಘ ಹುಟ್ಟಿತು, ಪುಸ್ತಕಗಳನ್ನು ವಿಷಯವಾರು ಅಂಕಿ ಕೊಟ್ಟು ಜೋಡಿಸುವ, ಮೆಲ್ವಿಲ್ ಡ್ಯೂಯಿ ಅವರ ದಶಮಾಂಶ ವರ್ಗೀಕರಣ ಅಚ್ಚಾಯಿತು. ಇವೆರಡನ್ನೂ ಎಲ್ಲರೂ ನೆನೆಯುತ್ತಾರೆ. ನನ್ನ ಮಟ್ಟಿಗೆ ಅದೇ ವರ್ಷ ಅಮೆರಿಕದ ಗ್ರಂಥಪಾಲಕ ಸ್ಯಾಮ್ಯುಯೆಲ್ ಗ್ರೀನ್ ಮಂಡಿಸಿದ ಪ್ರಬಂಧ ಅವಕ್ಕಿಂತ ಕಡಿಮೆಯದಲ್ಲ. ಓದುಗರು ಸಂಕೋಚದಿಂದ ಬರುತ್ತಾರೆ, ಅವರನ್ನು ಆದರದಿಂದ ಮಾತನಾಡಿಸಿ ನಿಜವಾಗಿ ಏನು ಬೇಕೆಂದು ತಿಳಿದುಕೊಳ್ಳಬೇಕು ಎಂದರು ಗ್ರೀನ್. ಇಂದು ಪರಾಮರ್ಶನ ಸೇವೆ ಎನ್ನುವುದಕ್ಕೆ ಬುನಾದಿ ಬಿದ್ದದ್ದು ಅಲ್ಲಿ.

1887ರ ಜನವರಿಯಲ್ಲಿ ಡ್ಯೂಯಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ತರಬೇತಿ ಶಾಲೆ ತೆರೆದರು. ಮೊದಲ ತಂಡದ 20 ಮಂದಿಯಲ್ಲಿ 17 ಮಂದಿ ಮಹಿಳೆಯರು. ಕಾಲೇಜಿನ ಆಡಳಿತಕ್ಕೆ ಇದು ಸರಿಬರಲಿಲ್ಲ. ಎರಡೇ ವರ್ಷಗಳಲ್ಲಿ ಶಾಲೆ ಆಲ್ಬನಿಗೆ ಸ್ಥಳಾಂತರವಾಯಿತು. ಅಲ್ಲಿ ಕಲಿಸುತ್ತಿದ್ದುದರಲ್ಲಿ ಕೈಬರಹವೂ ಒಂದು. ಪ್ರತಿ ಪುಸ್ತಕದ ವಿವರವಿರುವ ಸೂಚಿಪತ್ರದ ಕಾರ್ಡನ್ನು ಯಾರು ಬರೆದರೂ ಒಂದೇ ಕೈಯಿಂದ ಬರೆದಂತೆ ಕಾಣಬೇಕು, ಯಾರಿಗೂ ಓದಲು ತೊಡಕಾಗಬಾರದು. ಅದಕ್ಕಾಗಿ ಅಲಂಕಾರವಿಲ್ಲದ, ನೆಟ್ಟಗಿನ, ದುಂಡನೆಯ ಅಕ್ಷರಗಳನ್ನು ತಿದ್ದಿಸುತ್ತಿದ್ದರು. ಒಂದು ಅಕ್ಷರ ತಪ್ಪಿ ಕಾರ್ಡು ಬೇರೆ ಜಾಗದಲ್ಲಿ ಸೇರಿಕೊಂಡರೆ ಪುಸ್ತಕ ಕಪಾಟಿನಲ್ಲಿದ್ದೂ ಇಲ್ಲದಂತೆಯೇ. ಬಳಿಕ ಬೆರಳಚ್ಚು ಯಂತ್ರ ಬಂತು, ಆ ಬರಹ ಮರೆಯಾಯಿತು.

1923ರಲ್ಲಿ ಅಮೆರಿಕದ ಚಾರ್ಲ್ಸ್ ವಿಲಿಯಮ್ಸನ್ ಗ್ರಂಥಪಾಲಕರ ತರಬೇತಿ ಕುರಿತ ತಮ್ಮ ವರದಿಯಲ್ಲಿ ಗುಮಾಸ್ತಿಕೆಯ ಕೆಲಸ ಬೇರೆ, ವೃತ್ತಿಪರ ಕೆಲಸ ಬೇರೆ ಎಂದು ಗೆರೆ ಎಳೆದರು; ವೃತ್ತಿಪರರ ಶಿಕ್ಷಣ ವಿಶ್ವವಿದ್ಯಾಲಯಗಳಲ್ಲಿ ನಡೆಯಬೇಕೆಂದರು. ಮರುವರ್ಷ ಗಣಿತದ ಅಧ್ಯಾಪಕರಾಗಿದ್ದ ಎಸ್. ಆರ್. ರಂಗನಾಥನ್ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ನೇಮಕಗೊಂಡು, ತರಬೇತಿಗೆಂದು ಲಂಡನ್ನಿಗೆ ತೆರಳಿದರು. 1931ರಲ್ಲಿ ಪ್ರಕಟವಾದ ಅವರ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ನಾಲ್ಕನೆಯದು, ಓದುಗರ ಸಮಯ ಉಳಿಸಿ ಎಂಬುದು. ಸರಪಳಿಯ ಕಾಲದ ಪಾಲಕನಿಗೆ ಈ ಎರಡೂ ಅರ್ಥವಾಗುತ್ತಿರಲಿಲ್ಲ.

1960ರ ದಶಕದಿಂದ ಕಂಪ್ಯೂಟರ್ ಬಂದು ಸೂಚೀಕರಣದ ಶ್ರಮವನ್ನು ಹಂಚಿತು. ಒಂದು ಕಡೆ ಸಿದ್ಧವಾದ ದಾಖಲೆಯನ್ನು ಸಾವಿರ ಕಡೆ ಬಳಸಬಹುದಾಯಿತು. ಪಠ್ಯಕ್ರಮದಲ್ಲಿ ದತ್ತಾಂಶ, ಡಿಜಿಟಲ್ ಸಂರಕ್ಷಣೆ, ಹಕ್ಕುಸ್ವಾಮ್ಯ ಸೇರಿಕೊಂಡವು. ಇವೆಲ್ಲ ಬೇಕಾದವೇ.

ಆದರೆ ವಿಲಿಯಮ್ಸನ್ ಎಳೆದ ಗೆರೆ ಮೇಜಿನ ಬಳಿ ಅಳಿಸಿಹೋಗುತ್ತದೆ. ‘ಆರೋಗ್ಯದ ಪುಸ್ತಕ ಇದೆಯೇ’ ಎಂದು ಕೇಳುವವರಿಗೆ ಬೇಕಾಗಿರುವುದು ಮನೆಯವರಿಗೆ ನಿನ್ನೆಯಷ್ಟೇ ಪತ್ತೆಯಾದ ರೋಗವೊಂದರ ವಿವರ ಆಗಿರಬಹುದು. ಕಪಾಟಿನತ್ತ ಕೈ ತೋರಿಸಿದರೆ ಅವರು ಬರಿಗೈಯಲ್ಲಿ ಹೋಗುತ್ತಾರೆ. ಇನ್ನೆರಡು ಮಾತು ಕೇಳಿದರೆ ಸರಿಯಾದ ಪುಟ ಸಿಗುತ್ತದೆ. ಹೀಗೆ ಬಂದವರನ್ನು ಮೊದಲು ಎದುರುಗೊಳ್ಳುವವರು ಹೆಚ್ಚಾಗಿ ಗ್ರಂಥಾಲಯ ಸಹಾಯಕರು. ಗ್ರೀನ್ ಹೇಳಿದ ಕಲೆಯನ್ನು ಪದವಿ ತರಗತಿಗೆ ಮೀಸಲಿಡದೆ ಮೊದಲು ಅವರಿಗೇ ಕಲಿಸಬೇಕು, ಅದೂ ಕೆಲಸಕ್ಕೆ ಸೇರಿದ ಆರಂಭದಲ್ಲೇ.