ಬಾಣಂತಿಯ ಮನಸ್ಸಿಗೆ ಯಾವ ಬೇರು, ಯಾವ ಎಲೆ?

"ಮಗು ಹಾಲು ಕುಡಿಯುತ್ತಿದೆ, ಇಂಗ್ಲಿಷ್ ಮಾತ್ರೆ ಬೇಡ ಡಾಕ್ಟರೇ. ಮನಸ್ಸು ಸರಿಹೋಗುವುದಕ್ಕೆ ನಿಮ್ಮಲ್ಲೇ ಏನಾದರೂ ಲೇಹ್ಯ, ಕಷಾಯ ಇದ್ದರೆ ಕೊಡಿ." ಬಾಣಂತಿಯ ಜೊತೆ ಬಂದ ತಾಯಿಯೋ ಅತ್ತೆಯೋ ಹೀಗೆ ಕೇಳುವುದು ನನಗೆ ಹೊಸದಲ್ಲ. ಆಯುರ್ವೇದದ ಪ್ರಸೂತಿ ವಿಭಾಗದಲ್ಲಿ ಕಲಿತವಳಾದ್ದರಿಂದ ನನ್ನ ಕಪಾಟಿನಲ್ಲಿ ಲೇಹ್ಯಕ್ಕೂ ಕಷಾಯಕ್ಕೂ ಕೊರತೆಯಿಲ್ಲ. ಆದರೆ ಕಪಾಟಿನ ಬಾಗಿಲು ತೆರೆಯುವ ಮೊದಲು ಬಾಣಂತಿಯನ್ನು ಒಂದು ಮಾತು ಕೇಳುತ್ತೇನೆ: "ಮಗು ಮಲಗಿರುವಾಗ ನಿನಗೆ ನಿದ್ರೆ ಬರುತ್ತದೆಯೇನಮ್ಮ?"

ಮಗು ಬಿಡದ್ದರಿಂದ ನಿದ್ರೆ ಕೆಟ್ಟಿದ್ದರೆ ಒಂದು ದಾರಿ. ಮಗು ಗಾಢ ನಿದ್ರೆಯಲ್ಲಿದ್ದು, ಪಕ್ಕದಲ್ಲಿ ನೋಡಿಕೊಳ್ಳುವವರಿದ್ದೂ ಈಕೆ ಸೂರು ನೋಡುತ್ತ ಮಲಗಿದ್ದರೆ ಬೇರೆಯೇ ದಾರಿ. ಹೆರಿಗೆಯಾದ ಮೂರು ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಉಕ್ಕುವುದು, ಸಣ್ಣ ಮಾತಿಗೆ ಸಿಡುಕುವುದು ಬಹಳ ಜನರಲ್ಲಿ ಕಾಣುತ್ತದೆ. ಎರಡು ವಾರದೊಳಗೆ ಅದು ತಾನಾಗಿ ಇಳಿಯುತ್ತದೆ, ಔಷಧಿ ಬೇಕಿಲ್ಲ. ಎರಡು ವಾರ ದಾಟಿಯೂ ಯಾವುದರಲ್ಲೂ ಆಸೆಯಿಲ್ಲ, ಮಗುವನ್ನು ಎತ್ತಿಕೊಂಡರೂ ಏನೂ ಅನಿಸುವುದಿಲ್ಲ, 'ನಾನು ಒಳ್ಳೆಯ ತಾಯಿಯಲ್ಲ' ಎಂಬ ಕೊರಗು ಬಿಡುವುದಿಲ್ಲ ಎಂದಾದರೆ ಅದು ಖಿನ್ನತೆ ಎಂಬ ಕಾಯಿಲೆ. ಹಟವೂ ಅಲ್ಲ, ದೃಷ್ಟಿಯೂ ಅಲ್ಲ. ಭಾರತದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಹೆರಿಗೆಯಾದವರಲ್ಲಿ ಸುಮಾರು ಶೇ 22 ಮಂದಿಗೆ ಖಿನ್ನತೆ ಕಂಡಿತ್ತು. ಪತ್ತೆಗೆ 1987ರಲ್ಲಿ ಎಡಿನ್‌ಬರೋದಲ್ಲಿ ಸಿದ್ಧವಾದ ಹತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಇದೆ. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು. ಅದಕ್ಕೆ 'ಹೌದು' ಎಂದವಳಿಗೆ ನಾನು ಲೇಹ್ಯ ಕೊಟ್ಟು ಕಳುಹಿಸುವುದಿಲ್ಲ, ಅಂದೇ ಮನೋವೈದ್ಯರಿಗೆ ಫೋನ್ ಮಾಡುತ್ತೇನೆ.

ಇನ್ನು ಗಿಡಮೂಲಿಕೆಗಳ ವಿಷಯ. ಹೆಚ್ಚು ಕೇಳಿಬರುವ ಹೆಸರು ಅಶ್ವಗಂಧ. ಒತ್ತಡ, ನಿದ್ರೆಗೆ ಸಂಬಂಧಿಸಿ ಅದರ ಮೇಲೆ ಅಧ್ಯಯನಗಳಿರುವುದು ನಿಜ. ಆದರೆ ಅವು ಹಾಲೂಡಿಸುವ ತಾಯಂದಿರ ಮೇಲೆ ನಡೆದವಲ್ಲ. ಅದಕ್ಕಿಂತ ಮುಖ್ಯವಾದ ತೊಡಕು ಥೈರಾಯ್ಡಿನದು. ಹೆರಿಗೆಯಾದ ಕೆಲವು ತಿಂಗಳಲ್ಲಿ ಕೆಲವರ ಥೈರಾಯ್ಡ್ ಗ್ರಂಥಿ ಉರಿಯೂತಕ್ಕೆ ಒಳಗಾಗುತ್ತದೆ. ಮೊದಲು ಹಾರ್ಮೋನು ಹೆಚ್ಚಿ ಎದೆಬಡಿತ, ಆತಂಕ, ನಿದ್ರೆಗೇಡು. ಆಮೇಲೆ ಹಾರ್ಮೋನು ಕುಸಿದು ಸುಸ್ತು, ಮಂಕು. ನೋಡುವುದಕ್ಕೆ ಎರಡೂ ಮನಸ್ಸಿನ ಕಾಯಿಲೆಯಂತೆಯೇ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಮೊದಲ ಹಂತದಲ್ಲಿರುವವಳಿಗೆ ಹಾಲಿನಲ್ಲಿ ಒಂದು ಚಮಚ ಬೆರೆಸಿ ಕೊಟ್ಟರೆ ಆಗುವುದು ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ. ಯಕೃತ್ತಿಗೆ ಪೆಟ್ಟಾದ ವರದಿಗಳೂ ಇವೆ. ಹಾಗಾಗಿ ನಾನು ಟಿಎಸ್‌ಎಚ್ (ಥೈರಾಯ್ಡಿನ ರಕ್ತಪರೀಕ್ಷೆ), ಹಿಮೋಗ್ಲೋಬಿನ್ ನೋಡದೆ ಮುಂದೆ ಹೋಗುವುದಿಲ್ಲ. ಸಸ್ಯಾಹಾರಿ ಮನೆಯವರಾದರೆ ಬಿ12 ಕೂಡ.

ಶತಾವರಿ ಹಾಲು ಹೆಚ್ಚಿಸುವುದಕ್ಕೆಂದು ನಮ್ಮ ಶಾಸ್ತ್ರದಲ್ಲಿ ಹೇಳಿದ್ದು. ಅದು ಖಿನ್ನತೆಯನ್ನು ಕಳೆಯುತ್ತದೆ ಎನ್ನುವುದಕ್ಕೆ ಆಧಾರ ಕಾಣೆ. 'ಹಾಲು ಸಾಲುತ್ತಿಲ್ಲ' ಎಂಬ ಮಾತನ್ನೇ ದಿನಕ್ಕೆ ಹತ್ತು ಸಲ ಕೇಳಿ ಕುಗ್ಗಿದವಳಿಗೆ ಹಾಲೂಡಿಸುವ ಭಂಗಿ ತಿದ್ದಿ, ಮಗುವಿನ ತೂಕ ಏರುತ್ತಿರುವುದನ್ನು ತೋರಿಸಿದರೆ ಹೆಚ್ಚು ಲಾಭ. ಕೇಸರಿಯ ಬಗ್ಗೆ ಇರಾನಿನಲ್ಲಿ ಸೌಮ್ಯ, ಮಧ್ಯಮ ಖಿನ್ನತೆಯ ಬಾಣಂತಿಯರ ಮೇಲೆ ಒಂದೆರಡು ಸಣ್ಣ ಪ್ರಯೋಗಗಳು ನಡೆದು ಒಳ್ಳೆಯ ಫಲ ಕಂಡಿದೆ, ಆದರೆ ಅಷ್ಟನ್ನೇ ನಂಬಿ ಚಿಕಿತ್ಸೆ ಎನ್ನಲಾಗದು. ನಮ್ಮ ಕಡೆಯ ಒಂದೆಲಗದ ತಂಬುಳಿ ಧಾರಾಳವಾಗಿ ಉಣ್ಣಿ, ಊಟವಾಗಿ ಉಣ್ಣಿ. ಅದೇ ಎಲೆಯ ಸಾರ ತೆಗೆದು ತುಂಬಿದ ಮಾತ್ರೆಗಳ ಲೆಕ್ಕವೇ ಬೇರೆ.

ಅರಿಷ್ಟಗಳನ್ನು ಮರೆಯುವಂತಿಲ್ಲ. ದಶಮೂಲಾರಿಷ್ಟವಿಲ್ಲದ ಬಾಣಂತಿ ಕೋಣೆ ನಮ್ಮಲ್ಲಿ ಅಪರೂಪ. ಹುದುಗಿ ತಯಾರಾಗುವ ಔಷಧಿಯಾದ್ದರಿಂದ ಅದರಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತದೆ. ಶೀಶೆಯ ಚೀಟಿಯಲ್ಲಿ ಬರೆದಿರುತ್ತಾರೆ, ಓದಿ. ಹೇಳಿದ ಅಳತೆಯಲ್ಲಿ ಕೊಡುವುದು ಬೇರೆ, ನಿದ್ರೆ ಚೆನ್ನಾಗಿ ಬರಲಿ ಎಂದು ಮುಚ್ಚಳದ ಬದಲು ಲೋಟದಲ್ಲಿ ಕೊಡುವುದು ಬೇರೆ. ಎರಡನೆಯದನ್ನೂ ನೋಡಿದ್ದೇನೆ.

ಒಮ್ಮೆ ಒಬ್ಬ ತಾಯಿ ಮಗಳ ಔಷಧಿಗಳನ್ನೆಲ್ಲ ನನ್ನ ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಹೆಸರೇ ಇಲ್ಲದ ಕಪ್ಪು ಗುಳಿಗೆ, ಮೆಂತ್ಯದ ಪುಡಿ, ಮನೋವೈದ್ಯರು ಖಿನ್ನತೆಗೆಂದು ಬರೆದ ಸರ್ಟ್ರಲಿನ್ ಮಾತ್ರೆಯ ಒಡೆಯದ ಪಟ್ಟಿ, ಜೊತೆಗೆ ಅಮೆರಿಕದಿಂದ ನಾದಿನಿ ಕಳುಹಿಸಿದ ಹಸಿರು ಡಬ್ಬಿ. ಡಬ್ಬಿಯ ಮೇಲೆ ಹಳದಿ ಹೂವಿನ ಚಿತ್ರ: ಸೇಂಟ್ ಜಾನ್ಸ್ ವರ್ಟ್. ಯುರೋಪಿನ ಈ ಗಿಡ ಖಿನ್ನತೆಗೆ ಕೆಲಸ ಮಾಡುತ್ತದೆ, ಸುಳ್ಳಲ್ಲ. ಕೆಲಸ ಮಾಡುವುದರಿಂದಲೇ ಅಪಾಯ. ಗರ್ಭನಿರೋಧಕ ಗುಳಿಗೆಯ ಬಲವನ್ನು ಅದು ತಗ್ಗಿಸುತ್ತದೆ. ಸರ್ಟ್ರಲಿನ್ ಜೊತೆ ಸೇರಿದರೆ ಮಿದುಳಿನಲ್ಲಿ ಸೆರಟೋನಿನ್ ಮಿತಿಮೀರಿ ನಡುಕ, ಜ್ವರ, ಗೊಂದಲ ತರಬಹುದು. "ಇದು ನ್ಯಾಚುರಲ್ ಅಲ್ಲವೇ?" ಎಂದರು ಆ ತಾಯಿ. ಉಮ್ಮತ್ತಿಯೂ ನ್ಯಾಚುರಲ್ಲೇ ಅಮ್ಮಾ ಎಂದೆ.

ಆವತ್ತು ನಾನು ಉಳಿಸಿದ್ದು ಮನೋವೈದ್ಯರ ಮಾತ್ರೆಯನ್ನು. ನನ್ನದೇ ಬಳಗದ ಕೆಲವರಿಗೆ ಇದು ಹಿಡಿಸುವುದಿಲ್ಲ. ಸರ್ಟ್ರಲಿನ್ ಎದೆಹಾಲಿಗೆ ಸೇರುವ ಪ್ರಮಾಣ ಅತ್ಯಲ್ಪ ಎನ್ನುವುದು ವರ್ಷಗಳಿಂದ ಅಳೆದು ನೋಡಿದ ಸಂಗತಿ. ಹಾಲೂಡಿಸುವವರಿಗೆ ಮೊದಲು ಆರಿಸುವ ಔಷಧಿಗಳಲ್ಲಿ ಅದೂ ಒಂದು. ಹೆಸರಿಲ್ಲದ ಕಪ್ಪು ಗುಳಿಗೆಯಲ್ಲಿ ಏನಿದೆ, ಅದರಲ್ಲಿ ಎಷ್ಟು ಹಾಲಿಗೆ ಹೋಗುತ್ತದೆ ಎಂದು ಯಾರೂ ಅಳೆದಿಲ್ಲ. 2004ರಲ್ಲಿ ಬೋಸ್ಟನ್ನಿನ ಅಂಗಡಿಗಳಿಂದ ತಂದು ಪರೀಕ್ಷಿಸಿದ 70 ಆಯುರ್ವೇದ ತಯಾರಿಕೆಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಹಾಗಾಗಿ ಲೋಹ, ಖನಿಜ ಸುಟ್ಟು ಮಾಡುವ ಭಸ್ಮ ಸೇರಿದ ಯಾವುದನ್ನೂ ಬಾಣಂತಿಗೆ ನಾನು ಬರೆಯುವುದಿಲ್ಲ.

ಹಾಗಾದರೆ ನಮ್ಮ ಶಾಸ್ತ್ರದಲ್ಲಿ ಬಾಣಂತಿಗೆ ಏನೂ ಇಲ್ಲವೇ? ಇದೆ, ಆದರೆ ಅದು ಶೀಶೆಯಲ್ಲಿಲ್ಲ. ಅಷ್ಟಾಂಗ ಹೃದಯ ಒಂದೂವರೆ ತಿಂಗಳು ಆಕೆಯನ್ನು ಸೂತಿಕೆ ಎಂದು ಕರೆದು ಪಥ್ಯದಲ್ಲಿಡುತ್ತದೆ. ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು, ಜೀರ್ಣವಾಗುವ ಬಿಸಿ ಊಟ, ಮನೆಗೆಲಸದಿಂದ ಬಿಡುವು. ಎಣ್ಣೆನೀರಿನ ನಂತರ ಮಗುವನ್ನು ಅಜ್ಜಿ ಎತ್ತಿಕೊಂಡು ಹೋಗಿ, ಕೋಣೆಯ ಬಾಗಿಲು ಎಳೆದುಕೊಂಡು, ಆ ಎರಡು ಮೂರು ಗಂಟೆ ಯಾರೂ ಎಬ್ಬಿಸದಿದ್ದರೆ ಅದು ನಾನು ಕೊಡುವ ಯಾವ ಚೂರ್ಣಕ್ಕೂ ಕಡಿಮೆಯಿಲ್ಲ. ಈಗ ಎಣ್ಣೆನೀರು ಉಳಿದಿದೆ, ನಿದ್ರೆ ಹೋಗಿದೆ: ತೊಟ್ಟಿಲ ಪಕ್ಕ ನೆಂಟರ ಸಾಲು, ಕೈಯಲ್ಲಿ ಮೊಬೈಲ್. ಅಂಟಿನುಂಡೆ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸಿನ ಸಾರು ಎಲ್ಲ ಇರಲಿ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಬಾಯಾರಿಸುವುದು, ಹಣ್ಣು ಥಂಡಿ ಎಂದು ನಿಲ್ಲಿಸುವುದು, ಕಿಟಕಿ ಮುಚ್ಚಿ ಹೊಗೆ ಹಾಕುವುದು ಬೇಡ. ಹೆರಿಗೆಯಾದ ಮೇಲೆ 180 ದಿನ ಸರ್ಕಾರ ಕೊಡುವ ಕಬ್ಬಿಣದ ಮಾತ್ರೆಯನ್ನು ಲೇಹ್ಯ ಇದೆಯೆಂದು ಬಿಡಬೇಡಿ. ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬಹುದು.

ಯಾವ ಬೇರೂ ಮುಟ್ಟದ ಕಾರಣಗಳೂ ಇವೆ. ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ ಬಾಣಂತಿಯರ ಖಿನ್ನತೆಗೆ ಬಡತನ, ಗಂಡನೊಂದಿಗಿನ ವಿರಸ, ಹೆಣ್ಣುಮಗು ಹುಟ್ಟಿದ್ದು ಇವುಗಳ ನಂಟನ್ನು ಗುರುತಿಸಿತು. ಎರಡನೆಯದೂ ಹೆಣ್ಣು ಎಂದು ಮುಖ ತಿರುಗಿಸಿದ ಮನೆಗೆ ಬ್ರಾಹ್ಮೀಘೃತ ಬರೆದುಕೊಟ್ಟು ಪ್ರಯೋಜನವೇನು? ಅಲ್ಲಿ ಗಂಡನನ್ನೂ ಅತ್ತೆಯನ್ನೂ ಎದುರಿಗೆ ಕೂರಿಸಿ ಮಾತನಾಡುವುದೇ ನನ್ನ ಚಿಕಿತ್ಸೆ, ಕೆಲವೊಮ್ಮೆ ಅದರಲ್ಲಿ ಸೋಲುವುದೂ ಉಂಟು.

ಕೊನೆಯದಾಗಿ, ಕಾಯಲೇಬಾರದ ಸ್ಥಿತಿ ಒಂದಿದೆ. ಸಾವಿರ ಹೆರಿಗೆಗೆ ಒಬ್ಬಿಬ್ಬರಲ್ಲಿ, ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲೇ, ದಿನಗಟ್ಟಲೆ ನಿದ್ರೆಯಿಲ್ಲದೆ ಅಸಂಬದ್ಧ ಮಾತು, ಅನುಮಾನ, ಇಲ್ಲದ ದನಿ ಕೇಳುವುದು, ಮಗು ತನ್ನದಲ್ಲ ಎನ್ನುವುದು ಶುರುವಾಗುತ್ತದೆ. ಇದನ್ನು ಗಾಳಿ ಸೋಕಿದ್ದು ಎಂದುಕೊಂಡು ಅಂತ್ರ ಕಟ್ಟಿಸುವುದಕ್ಕೆ ಓಡಾಡಿದಷ್ಟೂ ತಾಯಿಗೂ ಮಗುವಿಗೂ ಪ್ರಾಣಾಪಾಯ. ಆಕೆಯನ್ನು ಮಗುವಿನೊಂದಿಗೆ ಒಂಟಿಯಾಗಿ ಬಿಡದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯಕ್ಕೆ ಹಿಂಜರಿಯುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ಘಟಕ 2009ರಿಂದ ಇದೆ. ಅಷ್ಟು ದೂರದ ಯೋಚನೆ ಆಮೇಲೆ. ಮೊದಲು ಹತ್ತಿರದ ಜಿಲ್ಲಾ ಆಸ್ಪತ್ರೆ. ತುರ್ತಿಲ್ಲದ, ಆದರೆ ಯಾರನ್ನು ಕೇಳಬೇಕೆಂದು ತೋಚದ ಹೊತ್ತಿಗೆ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು.