ಬರೆದದ್ದು ಉಳಿಯಿತೆಂದು ಹೇಳುವುದು ಯಾವಾಗ?

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ದಲಾಲಿ ಅಂಗಡಿಯೊಂದರಲ್ಲಿ ಮೆಕ್ಕೆಜೋಳದ ಆವಕ ಹೆಚ್ಚಿದ್ದ ದಿನ ಕರೆಂಟ್ ಹೋಗಿ, ಯುಪಿಎಸ್ ಕೂಡ ಕೈಕೊಟ್ಟಿತು. ಕಂಪ್ಯೂಟರ್ ಮತ್ತೆ ಚಾಲೂ ಆದಾಗ ರೈತರೊಬ್ಬರ ಬಿಲ್ಲಿನಲ್ಲಿ ಒಟ್ಟು ಚೀಲಗಳ ಲೆಕ್ಕವಿತ್ತು, ತೂಕದ ಸಾಲುಗಳಿರಲಿಲ್ಲ. ನಾನು ಪರಿಶೀಲಿಸಿದಾಗ ಡಿಸ್ಕ್ ಸರಿಯಾಗಿಯೇ ಇತ್ತು. ತಪ್ಪಿದ್ದು ಬರೆಯುವ ಕ್ರಮ.

ಪರ್ಸಿಸ್ಟೆಂಟ್ ಮೆಮೊರಿ ಬಳಸುವವರು ಮೊದಲು ತಿಳಿಯಬೇಕಾದದ್ದೂ ಇದೇ ಕ್ರಮವನ್ನು. ವಿದ್ಯುತ್ ಹೋದರೂ ದತ್ತಾಂಶ ಉಳಿಸಿಕೊಳ್ಳುವ ಈ ಸಾಧನ ರ‍್ಯಾಮ್ ಕೂರುವ ಜಾಗದಲ್ಲೇ ಕೂರುತ್ತದೆ. ಇಂಟೆಲ್ 2019ರಲ್ಲಿ 128, 256 ಮತ್ತು 512 ಜಿಬಿ ಆಪ್ಟೇನ್ ಮಾಡ್ಯೂಲ್‌ಗಳನ್ನು ಮಾರುಕಟ್ಟೆಗೆ ತಂದು, 2022ರಲ್ಲಿ ಆ ವ್ಯವಹಾರವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಫ್ಲ್ಯಾಶ್ ಎಸ್‌ಎಸ್‌ಡಿಯಿಂದ ಓದಲು ಹತ್ತಾರು ಮೈಕ್ರೋಸೆಕೆಂಡ್ ಬೇಕಾದರೆ ಇದಕ್ಕೆ ಸುಮಾರು 300 ನ್ಯಾನೋಸೆಕೆಂಡ್ ಸಾಕು. ಹಾಗಾಗಿ, ಡಿಸ್ಕ್ ನಿಧಾನವಾಗಿದ್ದಾಗ ಯಾರ ಕಣ್ಣಿಗೂ ಬೀಳದಿದ್ದ, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಕೆಲಸವೇ ಈಗ ಸಮಯದ ದೊಡ್ಡ ಪಾಲನ್ನು ನುಂಗುತ್ತದೆ.

ಕರ್ನಲ್ ಅನ್ನು ಆದಷ್ಟು ಬದಿಗಿಟ್ಟು ಫೈಲ್ ಕೆಲಸವನ್ನು ಪ್ರೋಗ್ರಾಂ ಕಡೆಯಲ್ಲೇ ಮುಗಿಸುವ, ಇಂಥ ಮೆಮೊರಿಯ ಯೂಸರ್ ಸ್ಪೇಸ್ ಫೈಲ್ ಸಿಸ್ಟಂಗಳು ಹುಟ್ಟಿದ್ದು ಇದರಿಂದಲೇ. ಪ್ರಾಂಗಣದ ಗೇಟಿನಲ್ಲಿ ಒಮ್ಮೆ ಚೀಟಿ ತೋರಿಸಿದ ಮೇಲೆ ಒಂದೊಂದು ಚೀಲಕ್ಕೂ ಮತ್ತೆ ಗೇಟಿಗೆ ಹೋಗಬೇಕಿಲ್ಲವಲ್ಲ, ಹಾಗೆಯೇ ಇಂಥದೊಂದು ಫೈಲ್ ಸಿಸ್ಟಂ ಆದ 2019ರ ಸ್ಪ್ಲಿಟ್‌ಎಫ್‌ಎಸ್‌ನಲ್ಲಿ ಓದು-ಬರಹಗಳನ್ನು ಪ್ರೋಗ್ರಾಂ ಜೊತೆಗಿರುವ ಲೈಬ್ರರಿಯೇ ನೇರವಾಗಿ ಮುಗಿಸುತ್ತದೆ. ಫೈಲ್ ತೆರೆಯುವುದು, ಹೆಸರು ಬದಲಿಸುವುದು ಮುಂತಾದವು ಮಾತ್ರ ಕರ್ನಲ್‌ನ ಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಂಗೆ ಹೋಗುತ್ತವೆ.

ಆದರೆ ಪ್ರೊಸೆಸರ್ ಬರೆದದ್ದು ಮೊದಲು ಅದರೊಳಗಿನ, ಕರೆಂಟ್ ಹೋದರೆ ಅಳಿಯುವ ಚಿಕ್ಕ ಮೆಮೊರಿಯಾದ ಕ್ಯಾಶ್‌ನಲ್ಲಿ ಉಳಿಯುತ್ತದೆ, ಅಲ್ಲಿಂದ ಯಾವ ಭಾಗ ಯಾವಾಗ ಹೊರಬೀಳುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ಆದ್ದರಿಂದ ತೂಕದ ಸಾಲುಗಳನ್ನು ಬರೆದು, 64 ಬೈಟ್‌ಗಳ ಪ್ರತಿ ಕ್ಯಾಶ್ ಸಾಲನ್ನೂ ಸಿಎಲ್‌ಡಬ್ಲ್ಯುಬಿ ಆದೇಶದಿಂದ ಹೊರಕಳಿಸಿ, ಹಿಂದಿನದು ಮುಗಿಯುವವರೆಗೆ ಮುಂದಿನ ಬರಹವನ್ನು ತಡೆಯುವ ಎಸ್‌ಫೆನ್ಸ್ ಹಾಕಿದ ಮೇಲೆಯೇ 'ಬಿಲ್ ಪೂರ್ಣ' ಎಂಬ ಗುರುತನ್ನು ಬರೆದು, ಅದನ್ನೂ ಹಾಗೆಯೇ ಹೊರಕಳಿಸಬೇಕು. ಆ ಗುರುತು 8 ಬೈಟ್ ಮೀರಬಾರದು, ಏಕೆಂದರೆ ಅಷ್ಟು ಮಾತ್ರ ಅರ್ಧಕ್ಕೆ ತುಂಡಾಗದೆ ಬರೆಯಲ್ಪಡುತ್ತದೆ. ಈ ಎರಡು ಹೆಜ್ಜೆ ಅದಲುಬದಲಾದರೆ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಕರೆಂಟ್ ಹೋದ ದಿನ ಮಾತ್ರ ಬಯಲಾಗುತ್ತದೆ. ನನ್ನ ಮಟ್ಟಿಗೆ ವೇಗಕ್ಕಿಂತ ಇದೇ ಕಠಿಣ ಭಾಗ. ಇನ್ನೊಂದು ಅಪಾಯವೂ ಇದೆ: ಫೈಲೇ ಪ್ರೋಗ್ರಾಂನ ಮೆಮೊರಿಯೊಳಗೆ ತೆರೆದಿರುವುದರಿಂದ ದಾರಿತಪ್ಪಿದ ಒಂದು ಪಾಯಿಂಟರ್ (ಪ್ರೋಗ್ರಾಂ ಹಿಡಿದಿಟ್ಟ ಮೆಮೊರಿ ವಿಳಾಸ) ನೇರವಾಗಿ ಲೆಕ್ಕವನ್ನೇ ಕೆಡಿಸಬಲ್ಲದು.

ಆ ಅಂಗಡಿಗೆ ಇಂಥ ಮೆಮೊರಿಯ ಅಗತ್ಯವಿರಲಿಲ್ಲ. ಸಾಲುಗಳು ಡಿಸ್ಕ್ ಸೇರಿದ್ದು ಖಚಿತವಾದ ಮೇಲೆಯೇ ಒಟ್ಟು ಲೆಕ್ಕ ಬರೆಯುವಂತೆ ಪ್ರೋಗ್ರಾಂ ತಿದ್ದಿ, ಬಿಲ್ ಹಾಕುತ್ತಿರುವಾಗಲೇ ಮತ್ತೆ ಮತ್ತೆ ಪ್ಲಗ್ ಕಿತ್ತು ನೋಡಿದೆವು. ಪ್ರತಿ ಸಲವೂ ಬಿಲ್ ಪೂರ್ಣವಾಗಿತ್ತು, ಇಲ್ಲವೇ ಇರಲೇ ಇಲ್ಲ.