ಈಜು, ಸೈಕಲ್, ಓಟ: ಮೂರರಲ್ಲಿ ಜಾಸ್ತಿ ಕಷ್ಟ ಯಾವುದು?

ಪ್ರಶ್ನೆ: ನನಗೀಗ 39. ಕೂತು ಮಾಡುವ ಕೆಲಸ. ವಾರಕ್ಕೆ ಎರಡು ಮೂರು ದಿನ ಕಬ್ಬನ್ ಪಾರ್ಕಿನಲ್ಲಿ ಓಡುತ್ತೇನೆ, 10 ಕಿ.ಮೀ. ಆರಾಮಾಗಿ ಆಗುತ್ತದೆ. ಹೈಬ್ರಿಡ್ ಸೈಕಲ್ ಇದೆ. ಈಜು ಮಾತ್ರ ಅಷ್ಟಕ್ಕಷ್ಟೇ. ಗೋವಾದ ಹಾಫ್ ಐರನ್‌ಮ್ಯಾನ್ ಮಾಡೋಣ ಬಾ ಅಂತ ಗೆಳೆಯರು ಬೆನ್ನು ಬಿದ್ದಿದ್ದಾರೆ. ಮೂರರಲ್ಲಿ ನಿಜಕ್ಕೂ ಕಷ್ಟದ್ದು ಯಾವುದು? ಯಾವುದಕ್ಕೆ ಜಾಸ್ತಿ ತಯಾರಿ ಬೇಕು? ಹೊಸ ಸೈಕಲ್ ಕೊಳ್ಳಲೇಬೇಕಾ?

ಉತ್ತರ: ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ಟ್ರಯಥ್ಲಾನ್‌ಗೆ ಕೈ ಹಾಕುವ ಹೊಸಬರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಯಾರನ್ನು ಕೇಳಿದರೂ ಥಟ್ಟನೆ ‘ಈಜು’ ಅನ್ನುತ್ತಾರೆ. ನಾನು ಹಾಗೆ ಹೇಳಲಾರೆ. ಹೊಸಬರು ಹೆದರುವುದು ಈಜಿಗೆ, ನಿಜ. ಆದರೆ ಅವರ ರೇಸ್ ಕೆಡುವುದು ಸೈಕಲ್ ಮೇಲೆ. ಅದೂ ಎಲ್ಲ ಚೆನ್ನಾಗಿ ನಡೆಯುತ್ತಿದೆ ಅನ್ನಿಸುವ ಹೊತ್ತಿನಲ್ಲಿ.

ಅಂದಹಾಗೆ, ಬಲು ದೂರದ ಟ್ರಯಥ್ಲಾನ್ ಆದ ಐರನ್‌ಮ್ಯಾನ್ ಹುಟ್ಟಿದ್ದೇ ಇಂಥದ್ದೊಂದು ವಾದದಿಂದ. 1977ರಲ್ಲಿ ಹವಾಯಿಯ ಒಹಾಹು ದ್ವೀಪದಲ್ಲಿ ಒಂದು ರಿಲೇ ಓಟ ಮುಗಿದು ಬಹುಮಾನ ಹಂಚುತ್ತಿದ್ದರು. ಓಟಗಾರರು ಗಟ್ಟಿಯೋ, ಈಜುಗಾರರು ಗಟ್ಟಿಯೋ ಎಂದು ಮಾತಿಗೆ ಮಾತು ಬೆಳೆಯಿತು. ಅಮೆರಿಕದ ನೌಕಾಪಡೆಯಲ್ಲಿದ್ದ ಜಾನ್ ಕಾಲಿನ್ಸ್ ನಡುವೆ ಬಾಯಿ ಹಾಕಿ, ಸೈಕಲ್‌ನವರೇ ಎಲ್ಲರಿಗಿಂತ ಗಟ್ಟಿ ಇರಬೇಕು ಎಂದರು. ಬೆಲ್ಜಿಯಂನ ಸೈಕಲ್ ಪಟು ಎಡ್ಡಿ ಮರ್ಕ್ಸ್ ಅವರ ದೇಹ ಆಮ್ಲಜನಕ ಬಳಸುವ ಪ್ರಮಾಣ ಅದಕ್ಕೆ ಅವರು ಕೊಟ್ಟ ಪುರಾವೆ. ಸರಿ, ನೋಡಿಯೇ ಬಿಡೋಣ ಎಂದು ದ್ವೀಪದಲ್ಲಿ ಆಗಲೇ ಇದ್ದ ಮೂರು ಸ್ಪರ್ಧೆಗಳನ್ನು ಒಂದೇ ದಿನಕ್ಕೆ ಸೇರಿಸಿಬಿಟ್ಟರು. 1978ರ ಫೆಬ್ರವರಿ 18ರಂದು 15 ಜನ ನೀರಿಗಿಳಿದರು, 12 ಜನ ಮುಗಿಸಿದರು. ಗಾರ್ಡನ್ ಹಾಲರ್ 11 ಗಂಟೆ 46 ನಿಮಿಷ 58 ಸೆಕೆಂಡಿನಲ್ಲಿ ಗೆದ್ದರು. ಎರಡನೆಯವರಾಗಿ ಬಂದ ಜಾನ್ ಡನ್ಬಾರ್ ಸೈಕಲ್ ಮುಗಿದಾಗ ಮುಂದಿದ್ದರು. ಮ್ಯಾರಥಾನ್ ದಾರಿಯಲ್ಲಿ ಅವರಿಗೆ ನೀರು ಖಾಲಿಯಾಯಿತು. ಜೊತೆಗಿದ್ದವರು ಬೇರೆ ದಾರಿ ಕಾಣದೆ ಬಿಯರ್ ಕುಡಿಸಿದರು! ಯಾರು ಗಟ್ಟಿ ಅನ್ನುವುದು ಅವತ್ತೂ ತೀರ್ಮಾನವಾಗಲಿಲ್ಲ ಅನ್ನಿ.

ಮೊದಲು ದೂರ ಎಷ್ಟೆಂದು ನೋಡೋಣ. ಅತಿ ಚಿಕ್ಕದು ಎಂದು ಎಲ್ಲರೂ ಶುರು ಮಾಡುವುದು ಸ್ಪ್ರಿಂಟ್: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಅದರ ದುಪ್ಪಟ್ಟು ಒಲಿಂಪಿಕ್ ದೂರ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಪದಕಕ್ಕೆ ಓಡಿದ್ದು ಇದನ್ನೇ. ನಿಮ್ಮ ಗೆಳೆಯರು ಹೇಳುತ್ತಿರುವ ಹಾಫ್ ಅಂದರೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಮೂರನ್ನೂ ಮೈಲಿಯಲ್ಲಿ ಕೂಡಿದರೆ 70.3, ಅದಕ್ಕೇ ಇದಕ್ಕೆ ‘ಐರನ್‌ಮ್ಯಾನ್ 70.3’ ಎಂಬ ಹೆಸರು. ಗೋವಾದ ರೇಸ್ ಮೀರಾಮಾರ್ ಬೀಚಿನಲ್ಲಿ 2019ರಲ್ಲಿ ಶುರುವಾಯಿತು. ಇಡೀ ರೇಸ್ ಮುಗಿಸಲು 8 ಗಂಟೆ 30 ನಿಮಿಷ ಗಡುವು. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 8 ಗಂಟೆ 27 ನಿಮಿಷಕ್ಕೆ ಮುಗಿಸಿ ಸುದ್ದಿಯಾದರಲ್ವಾ, ಅದೇ ರೇಸ್. ಗಡುವಿಗೆ ಮೂರೇ ನಿಮಿಷ ಉಳಿದಿತ್ತು. ಒಳಗೆ ಬಂದರೆ ಬಂದಂತೆಯೇ. ಪದಕ ಎಲ್ಲರಿಗೂ ಒಂದೇ.

ಈಗ ಈಜಿಗೆ ಬರೋಣ. ನಿಮ್ಮ ಭಯ ಸುಳ್ಳಲ್ಲ. ಓಡುವಾಗ ಸುಸ್ತಾದರೆ ನಡೆಯಬಹುದು, ಸೈಕಲ್ ಆದರೆ ಪಕ್ಕಕ್ಕೆ ಹಾಕಿ ನಿಲ್ಲಬಹುದು. ನೀರಿನಲ್ಲಿ ಹಾಗೆ ನಿಲ್ಲುವಂತಿಲ್ಲ. ಈಜುಕೊಳದಲ್ಲಿ 25 ಮೀಟರಿಗೊಮ್ಮೆ ಗೋಡೆ ಸಿಗುತ್ತದೆ. ಅದನ್ನು ಮುಟ್ಟಿ, ಒಂದು ಉಸಿರು ಜಾಸ್ತಿ ಎಳೆದುಕೊಂಡು ತಿರುಗುತ್ತೇವೆ. ತಳದಲ್ಲಿ ಕಪ್ಪು ಗೆರೆ ಇರುತ್ತದೆ, ಅದನ್ನು ನೋಡುತ್ತಾ ಹೋದರೆ ದಾರಿ ತಪ್ಪುವುದಿಲ್ಲ. ಸಮುದ್ರದಲ್ಲಿ ಗೋಡೆಯೂ ಇಲ್ಲ, ಗೆರೆಯೂ ಇಲ್ಲ. ಮುಖ ಅದ್ದಿದರೆ ಕಾಣುವುದು ಬರೀ ಕಂದು ಹಸಿರು. ಮುಂದಿನವರ ಹಿಮ್ಮಡಿ ಕನ್ನಡಕಕ್ಕೆ ಬಡಿಯುತ್ತದೆ, ಪಕ್ಕದವರ ಕೈ ಬೆನ್ನ ಮೇಲೆ ಬೀಳುತ್ತದೆ. ಇನ್ನೇನು ಬಾಯಿ ತೆರೆದು ಉಸಿರೆಳೆಯಬೇಕು, ಅಷ್ಟರಲ್ಲಿ ಅಲೆ ಬರುತ್ತದೆ. ಎದೆ ಹೊಡೆದುಕೊಳ್ಳಲು ಶುರುವಾಗುವುದು ಆಗಲೇ, ಹೊರಟು ಇನ್ನೂ 100 ಮೀಟರ್ ಕೂಡ ಆಗಿರುವುದಿಲ್ಲ.

ಇದು ದಮ್ಮು ಸಾಲದ್ದರಿಂದ ಆಗುವುದಲ್ಲ. ಗಾಬರಿಯಲ್ಲಿ ನಾವು ಉಸಿರು ಎಳೆಯುತ್ತಲೇ ಇರುತ್ತೇವೆ, ಬಿಡುವುದನ್ನು ಮರೆತಿರುತ್ತೇವೆ. ಒಳಗೆ ಇಂಗಾಲದ ಡೈ ಆಕ್ಸೈಡ್ ತುಂಬಿಕೊಂಡಷ್ಟೂ ಉಸಿರುಗಟ್ಟಿದ ಹಾಗೆ ಅನ್ನಿಸುತ್ತದೆ, ಗಾಬರಿ ಇನ್ನೂ ಏರುತ್ತದೆ. ಅದಕ್ಕೇ ಕೋಚ್‌ಗಳು ‘ನೀರೊಳಗೆ ಗುಳ್ಳೆ ಬಿಡಿ, ಗುಳ್ಳೆ ಬಿಡಿ’ ಎಂದು ತಲೆ ತಿನ್ನುವುದು. ಮುಖ ನೀರಿನಲ್ಲಿರುವಷ್ಟು ಹೊತ್ತೂ ಮೂಗು ಬಾಯಿಯಿಂದ ಉಸಿರು ಹೊರಗೆ ಹೋಗುತ್ತಿರಬೇಕು. ನಿಮಗೆ 25 ಮೀಟರಿಗೇ ಏದುಸಿರು ಬರುತ್ತಿದ್ದರೆ ಬಹುಮಟ್ಟಿಗೆ ಕಾರಣ ಇದೇ. 10 ಕಿ.ಮೀ. ಓಡುವವರಿಗೆ ದಮ್ಮಿಗೇನು ಬರ, ಅಲ್ವಾ?

ಗಾಬರಿಯಾದರೆ ಏನು ಮಾಡಬೇಕು? ಅಂಗಾತ ತೇಲಿ. ಇಲ್ಲವೇ ತಲೆ ಮೇಲಿಟ್ಟು ಕಪ್ಪೆ ಈಜು ಈಜಿ. ಫ್ರೀಸ್ಟೈಲೇ ಈಜಬೇಕೆಂಬ ನಿಯಮವೇನೂ ಇಲ್ಲ. ಕೈ ಎತ್ತಿದರೆ ಕಯಾಕ್ ಎಂಬ ಚಿಕ್ಕ ದೋಣಿಯವರು ಬರುತ್ತಾರೆ. ಅದನ್ನು ಹಿಡಿದು ಸುಧಾರಿಸಿಕೊಳ್ಳಬಹುದು. ಅದು ನಿಮ್ಮನ್ನು ಮುಂದಕ್ಕೆ ಎಳೆದುಕೊಂಡು ಹೋಗಬಾರದು, ಅಷ್ಟೇ. ಎಷ್ಟೋ ಹೊಸಬರಿಗೆ ಇದು ಗೊತ್ತೇ ಇರುವುದಿಲ್ಲ. ಮುಟ್ಟಿದರೆ ಔಟ್ ಅಂದುಕೊಂಡು ಒದ್ದಾಡುತ್ತಿರುತ್ತಾರೆ. ದಾರಿ ನೋಡಿಕೊಳ್ಳಲು ಪೂರ್ತಿ ತಲೆ ಎತ್ತಬೇಡಿ, ಸೊಂಟ ಮುಳುಗುತ್ತದೆ. ಮೊಸಳೆ ಹಾಗೆ ಕಣ್ಣಷ್ಟೇ ಮೇಲೆ ತಂದು, ದಾರಿ ತೋರಿಸಲು ನೀರಿನ ಮೇಲೆ ತೇಲಿಬಿಟ್ಟ ಬೋಯಾ ನೋಡಿ, ಮತ್ತೆ ಮುಖ ಅದ್ದಿ. ಗೋವಾದ ನೀರು ಬೆಚ್ಚಗಿರುವುದರಿಂದ ಚಳಿ ದೇಶಗಳಲ್ಲಿ ಹಾಕಿಕೊಳ್ಳುವ ವೆಟ್‌ಸೂಟ್ ಇಲ್ಲಿರುವುದಿಲ್ಲ. ಹಾಗಾಗಿ ಅದು ಕೊಡುವ ತೇಲುವ ಬಲವೂ ಇಲ್ಲ. ಉಪ್ಪು ನೀರು ತಾನೇ ಕೊಂಚ ಎತ್ತಿ ಹಿಡಿಯುತ್ತದೆ. ಕತ್ತು, ಕಂಕುಳಿಗೆ ವ್ಯಾಸಲೀನ್ ಹಚ್ಚಿಕೊಳ್ಳಿ. ಉಪ್ಪಿಗೆ ಬಟ್ಟೆ ಉಜ್ಜಿದ ಉರಿ ಏನೆಂದು ರೇಸ್ ಮುಗಿದು ಸ್ನಾನ ಮಾಡುವಾಗ ಗೊತ್ತಾಗುತ್ತದೆ.

ಒಂದು ಮಾತು ಮಾತ್ರ ಗಂಭೀರವಾಗಿ ಹೇಳಬೇಕು. ಟ್ರಯಥ್ಲಾನ್‌ನಲ್ಲಿ ಆಗಿರುವ ಸಾವುಗಳಲ್ಲಿ ಹೆಚ್ಚಿನವು ಈಜಿನ ಹಂತದಲ್ಲೇ ಆಗಿವೆ, ಮತ್ತು ಅಲ್ಲಿ ಹೃದಯದ ಪಾಲು ದೊಡ್ಡದು. ನಲವತ್ತರ ಹೊಸ್ತಿಲಲ್ಲಿದ್ದೀರಿ. ಹೆಸರು ಕೊಡುವ ಮೊದಲು ಡಾಕ್ಟರ ಹತ್ತಿರ ಹೋಗಿ ಹೃದಯ ತೋರಿಸಿಕೊಂಡು ಬನ್ನಿ. ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದ್ದರಂತೂ ಇದನ್ನು ಮುಂದಕ್ಕೆ ಹಾಕಲೇಬೇಡಿ.

ನೀರಿನಿಂದ ಎದ್ದು ಬಂದ ಮೇಲೆ ಬರುವುದು ಟ್ರಾನ್ಸಿಷನ್, ಅಂದರೆ ಒಂದು ಹಂತ ಮುಗಿಸಿ ಮುಂದಿನದಕ್ಕೆ ಸಜ್ಜಾಗುವುದು. ಇಲ್ಲಿ ಕಷ್ಟಕ್ಕಿಂತ ಗಲಿಬಿಲಿ ಜಾಸ್ತಿ. ತಲೆ ತಿರುಗುತ್ತಿರುತ್ತದೆ, ಬೆರಳುಗಳು ನೆನೆದು ಸುಕ್ಕಾಗಿರುತ್ತವೆ. ಒದ್ದೆ ಕಾಲಿಗೆ ಮರಳು ಅಂಟಿರುತ್ತದೆ. ಸಾಕ್ಸ್ ಹಿಮ್ಮಡಿಯ ಹತ್ತಿರ ಸುರುಳಿ ಸುತ್ತಿಕೊಂಡು ಮೇಲೆ ಬರಲು ಒಪ್ಪುವುದೇ ಇಲ್ಲ. ಒಂದು ಬಾಟಲಿ ನೀರು, ಒಂದು ಹಳೇ ಟವಲ್ ಇಟ್ಟುಕೊಂಡಿರಿ. ಸಾಕ್ಸ್ ಅರ್ಧ ಮಡಚಿಟ್ಟರೆ ಸುಲಭ. ಹೆಲ್ಮೆಟ್‌ನ ಬಕಲ್ ‘ಟಕ್’ ಅನ್ನುವ ತನಕ ಸೈಕಲ್ ಮುಟ್ಟಬಾರದು, ಮುಟ್ಟಿದರೆ ದಂಡ. ಸೈಕಲ್ ಹತ್ತಲು ಗುರುತು ಮಾಡಿದ ಗೆರೆ ದಾಟುವವರೆಗೆ ತಳ್ಳಿಕೊಂಡೇ ಹೋಗಬೇಕು.

ಇನ್ನು ಸೈಕಲ್. ನೀರಿನಿಂದ ಬದುಕಿ ಬಂದೆವಲ್ಲ ಎಂಬ ಖುಷಿ. ಬೆಳಗಿನ ತಂಪು ಇನ್ನೂ ಉಳಿದಿರುತ್ತದೆ. ರಸ್ತೆ ಪಕ್ಕದಲ್ಲಿ ಜನ ಚಪ್ಪಾಳೆ ತಟ್ಟುತ್ತಿರುತ್ತಾರೆ. ಕಾಲು ತಾನಾಗೇ ಜೋರು ತುಳಿಯುತ್ತದೆ. ಯಾರೋ ಹಿಂದೆ ಹಾಕಿ ಹೋದರೆ ಸುಮ್ನೆ ಬಿಡಲು ಮನಸ್ಸೇ ಬರುವುದಿಲ್ಲ. ನಂದಿ ಬೆಟ್ಟಕ್ಕೆ ಹೋಗಿ ರೂಢಿಯಾದವರಿಗೆ ಈ ಚಟ ಇನ್ನೂ ಜಾಸ್ತಿ. ಅಲ್ಲಿ ಬೆಟ್ಟ ಹತ್ತಿ ಇಳಿದ ಮೇಲೆ ಇಡ್ಲಿ ವಡೆ ಇರುತ್ತದೆ. ಇಲ್ಲಿ ಅರ್ಧ ಮ್ಯಾರಥಾನ್ ಕಾದಿರುತ್ತದೆ.

ಲೆಕ್ಕ ಹಾಕಿ ನೋಡಿ. ಹಾಫ್ ಮಾಡುವ ಇಬ್ಬರು ಹೊಸಬರಿದ್ದಾರೆ. ಇಬ್ಬರೂ ಈಜಿಗೆ 1 ಗಂಟೆ, ಎರಡು ಟ್ರಾನ್ಸಿಷನ್‌ಗೆ ಸೇರಿ 13 ನಿಮಿಷ ತೆಗೆದುಕೊಂಡರು ಅನ್ನೋಣ. ಮೊದಲನೆಯವರು ಗಂಟೆಗೆ 25 ಕಿ.ಮೀ. ವೇಗದಲ್ಲಿ ತುಳಿದು 90 ಕಿ.ಮೀ.ಗೆ 3 ಗಂಟೆ 36 ನಿಮಿಷ ತೆಗೆದುಕೊಂಡರು. ಕಾಲಿನಲ್ಲಿ ಕಸುವು ಉಳಿದಿತ್ತು, ಕಿಲೋಮೀಟರಿಗೆ 8 ನಿಮಿಷದಂತೆ ನಿಧಾನವಾಗಿ ಓಡಿ 2 ಗಂಟೆ 49 ನಿಮಿಷಕ್ಕೆ ಓಟ ಮುಗಿಸಿದರು. ಒಟ್ಟು 7 ಗಂಟೆ 38 ನಿಮಿಷ. ಎರಡನೆಯವರು ತಮ್ಮ ಶಕ್ತಿ ಮೀರಿ 30 ಕಿ.ಮೀ. ವೇಗದಲ್ಲಿ ಹೊಡೆದರು. ಸೈಕಲ್ 3 ಗಂಟೆಗೇ ಮುಗಿಯಿತು, 36 ನಿಮಿಷ ಲಾಭ. ಆದರೆ ಓಟದಲ್ಲಿ ಕಾಲು ಕೈ ಕೊಟ್ಟಿತು. ಕಿಲೋಮೀಟರಿಗೆ 12 ನಿಮಿಷದಂತೆ ನಡೆದುಕೊಂಡೇ ಹೋದರು. ಅದಕ್ಕೆ 4 ಗಂಟೆ 13 ನಿಮಿಷ. ಒಟ್ಟು 8 ಗಂಟೆ 26 ನಿಮಿಷ. ಜೋರಾಗಿ ಸೈಕಲ್ ಹೊಡೆದವರು 48 ನಿಮಿಷ ಹಿಂದೆ ಬಿದ್ದರು. ಗಡುವಿಗೆ ನಾಲ್ಕು ನಿಮಿಷ ಇದ್ದಾಗ ಒಳಗೆ ಬಂದರು.

ಹಾಗಾದರೆ ಸೈಕಲ್ ಎಷ್ಟು ಜೋರು ತುಳಿಯಬೇಕು? ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು. ಪಕ್ಕದಲ್ಲಿ ಯಾರೂ ಇರಬಾರದು ಅನ್ನುವುದು ಬೇರೆ ಮಾತು. ಈ ರೇಸಿನಲ್ಲಿ ಮುಂದಿನ ಸೈಕಲ್‌ನಿಂದ 12 ಮೀಟರ್ ದೂರ ಇರಬೇಕು. ಅವರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಂಡರೆ ದಂಡ. ಗುಂಪಿನಲ್ಲಿ ಸೈಕಲ್ ಹೊಡೆದು ರೂಢಿಯಿರುವವರು ಒಬ್ಬರೇ ಗಾಳಿಗೆ ಎದೆಯೊಡ್ಡಿ ಹೋಗುವುದನ್ನು ಬೇರೆಯಾಗಿಯೇ ಕಲಿಯಬೇಕು.

ಹೊಟ್ಟೆಯ ಕೆಲಸ ಆಗಬೇಕಾದ್ದೂ ಸೈಕಲ್ ಮೇಲೆಯೇ. ಈಜುವಾಗ ತಿನ್ನಲಾಗುವುದಿಲ್ಲ. ಓಡುವಾಗ ತಿಂದದ್ದು ಕುಲುಕಿ ಮೇಲೆ ಬರುತ್ತದೆ. ಗಂಟೆಗೆ 60 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 25 ಗ್ರಾಂ ಹತ್ತಿರ ಇರುತ್ತದೆ. ಓಟಗಾರರು ಹೀರುವ ಸಿಹಿ ಎನರ್ಜಿ ಜೆಲ್ ಒಗ್ಗದಿದ್ದರೆ ಖರ್ಜೂರ, ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ ಸಾಕು. ಹಸಿವಾಗುವ ತನಕ ಕಾಯಬೇಡಿ, ಇಪ್ಪತ್ತು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಾಯಿಗೆ ಹಾಕಿಕೊಳ್ಳಿ. ಸೆಕೆ ಅಂತ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದೂ ಅಪಾಯ. ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಜಾಸ್ತಿಯಾದರೆ ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಒಂದು ಬಾಟಲಿಯಲ್ಲಾದರೂ ಓಆರ್‌ಎಸ್ ಇರಲಿ. ರೇಸ್ ದಿನ ಹೊಸದೇನನ್ನೂ ತಿನ್ನಬೇಡಿ, ಪಕ್ಕದವರು ಪ್ರೀತಿಯಿಂದ ಕೊಟ್ಟರೂ ಬೇಡ.

ಓಟದ ಬಗ್ಗೆ ನಿಮಗೆ ನಾನು ಹೇಳುವುದು ಕಡಿಮೆ. ಸೈಕಲ್ ಇಳಿದ ಮೊದಲ ಒಂದೆರಡು ಕಿಲೋಮೀಟರ್ ಕಾಲು ನಿಮ್ಮದಲ್ಲ ಅನ್ನಿಸುತ್ತದೆ. ಅಷ್ಟು ಹೊತ್ತು ಒಂದೇ ರೀತಿ ತಿರುಗಿದ ಸ್ನಾಯುಗಳಿಗೆ ಮೈಭಾರ ಹೊತ್ತು ನೆಲ ತುಳಿಯುವುದು ಥಟ್ಟನೆ ಒಗ್ಗುವುದಿಲ್ಲ. ತಮಾಷೆ ಏನೆಂದರೆ, ಅದೇ ಹೊತ್ತಿನಲ್ಲಿ ವಾಚು ನೋಡಿದರೆ ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಓಡುತ್ತಿರುತ್ತೀರಿ. ಸೈಕಲ್ ವೇಗಕ್ಕೆ ಒಗ್ಗಿದ ಕಣ್ಣಿಗೆ ಓಟ ನಿಧಾನ ಅನ್ನಿಸುತ್ತದೆ. ಬೇಕೆಂದೇ ತಡೆದುಕೊಳ್ಳಿ. ವಾರಕ್ಕೊಮ್ಮೆ ಸೈಕಲ್ ಇಳಿದ ಕೂಡಲೇ 15–20 ನಿಮಿಷ ಓಡುವ ಅಭ್ಯಾಸ ಮಾಡಿ, ಇದನ್ನೇ ಬ್ರಿಕ್ ಅನ್ನುವುದು. ಬೆಂಗಳೂರಿನ ಬೆಳಗಿನ ತಂಪಿಗೆ ಓಡಿದ ಮೈಗೆ ಗೋವಾದ ಹತ್ತು ಗಂಟೆಯ ಬಿಸಿಲು, ಆ ಜಿಗುಟು ಬೆವರು ಬೇರೆಯದೇ ಲೋಕ. ಆಗಾಗ ಹೊತ್ತೇರಿದ ಮೇಲೂ ಓಡಿ ನೋಡಿ. ನೀರು ಕೊಡುವ ಕಡೆ ನಡೆಯಿರಿ, ತಲೆ ಮೇಲೂ ಒಂದು ಲೋಟ ಸುರಿದುಕೊಳ್ಳಿ. ನಡೆದರೆ ಮಾನ ಹೋಗುವುದಿಲ್ಲ.

ಹಾಗಾಗಿ ತಯಾರಿಯ ಪ್ರಶ್ನೆಗೆ ಉತ್ತರ ಹೀಗೆ. ಈಜಿಗೆ ಜಾಸ್ತಿ ತಿಂಗಳು ಕೊಡಿ, ಸೈಕಲ್‌ಗೆ ಜಾಸ್ತಿ ಗಂಟೆ ಕೊಡಿ. ಇವತ್ತೇ ಒಬ್ಬ ಕೋಚ್ ಇರುವ ಈಜುಕೊಳಕ್ಕೆ ಸೇರಿಕೊಳ್ಳಿ. ನಿಮ್ಮಷ್ಟಕ್ಕೆ ನೀವೇ ಹಾಕಿದ ತಪ್ಪು ಸ್ಟ್ರೋಕ್ ಎಷ್ಟು ಲ್ಯಾಪ್ ಹೊಡೆದರೂ ಸರಿಹೋಗುವುದಿಲ್ಲ. ಕೊಳದಲ್ಲಿ ನಿಲ್ಲದೆ 2 ಕಿ.ಮೀ. ಆದ ಮೇಲೆ, ಬಲ್ಲವರ ಜೊತೆ ಒಮ್ಮೆಯಾದರೂ ಸಮುದ್ರಕ್ಕಿಳಿಯಿರಿ. ಒಬ್ಬರೇ ಬೇಡ, ಮಳೆಗಾಲದಲ್ಲಂತೂ ಕಡಲ ಹತ್ತಿರವೇ ಹೋಗಬೇಡಿ. ಮತ್ತೆ, ಗೆಳೆಯರು ಎಷ್ಟೇ ಎಳೆದರೂ ಮೊದಲ ರೇಸೇ ಹಾಫ್ ಆಗುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಂದು ಸ್ಪ್ರಿಂಟ್ ಮಾಡಿ. ಗಲಿಬಿಲಿ ಏನಿದ್ದರೂ ಅಲ್ಲೇ ಆಗಿಹೋಗಲಿ.

ಕೊನೆಗೆ ಸೈಕಲ್ ಕೊಳ್ಳುವ ವಿಷಯ. ಬೇಡ, ನಿಮ್ಮ ಹೈಬ್ರಿಡ್ ಸಾಕು. ಬ್ರೇಕ್ ಸರಿಯಿರಲಿ, ಟೈರ್ ಹೊಸದಿರಲಿ. ರೋಡ್ ಬೈಕ್ ಅನ್ನುವ ರೇಸ್ ಸೈಕಲ್ ಇದ್ದರೆ ವೇಗ ಸಿಗುತ್ತದೆ, ಆದರೆ ಮುಗಿಸಲು ಅದೇ ಬೇಕೆಂದಿಲ್ಲ. ಆ ದುಡ್ಡಿನಲ್ಲಿ ಸ್ವಲ್ಪ ಈಜಿನ ಕೋಚ್‌ಗೆ ಕೊಡಿ. ಪಂಚರ್ ಆದರೆ ಟ್ಯೂಬ್ ಬದಲಿಸುವುದನ್ನು ಮಾತ್ರ ಮನೆಯಲ್ಲೇ ಕೂತು ಕಲಿತುಕೊಳ್ಳಿ, ಹಿಂದಿನ ಚಕ್ರದ್ದೂ ಸೇರಿ. ದಾರಿಯಲ್ಲಿ ನೋಡಲು ಬಂದ ಗೆಳೆಯರು ಸಹಾಯ ಮಾಡುವಂತಿಲ್ಲ, ಹೊರಗಿನವರ ನೆರವು ನಿಯಮಕ್ಕೆ ವಿರುದ್ಧ. ಸೀಟಿನ ಕೆಳಗಿನ ಚೀಲದಲ್ಲಿ ಎರಡು ಟ್ಯೂಬ್, ಟೈರ್ ಲಿವರ್, ಒಂದು ಚಿಕ್ಕ ಪಂಪ್ ಇಟ್ಟುಕೊಳ್ಳಿ.